ಮಹಾವಂಸದ ಅಶೋಕನೂ ಸನ್ನತಿಯ ಶಿಲೆಯೂ

ಪಾಳಿ ವಂಸಗ್ರಂಥಗಳಲ್ಲಿ ಇತಿಹಾಸವೆಷ್ಟು, ಐತಿಹ್ಯವೆಷ್ಟು ಎಂಬ ಪ್ರಶ್ನೆಯು ಸೇಡಂ ರಸ್ತೆಯ ಬುದ್ಧವಿಹಾರವನ್ನು ಕಂಡು ಬರುವ ಕಲಬುರ್ಗಿಯ ವಾಚಕರಿಗೆ ದೂರದ ಸಿಂಹಳದ ಪ್ರಶ್ನೆಯಾಗಬೇಕಿಲ್ಲ. ಕ್ರಿ. ಶ. ಐದು-ಆರನೆಯ ಶತಮಾನಗಳಲ್ಲಿ ಹುಟ್ಟಿದ ‘ಮಹಾವಂಸ’ದ ಹನ್ನೆರಡನೆಯ ಪರಿಚ್ಛೇದದಲ್ಲಿಯೇ ‘ವನವಾಸ’ದ ಹೆಸರಿದೆ, ಅದನ್ನು ವಿದ್ವಾಂಸರು ಕನ್ನಡನಾಡಿನ ಬನವಾಸಿಯ ಸೀಮೆಯೆಂದು ಎಣಿಸುತ್ತಾರೆ. ಅಲ್ಲಿಗೆ ಬಂದ ರಕ್ಖಿತಸ್ಥವಿರನು ಆಕಾಶದಲ್ಲಿ ನಿಂತು ಉಪದೇಶಿಸಲು 60,000 ಜನರು ಧರ್ಮವನ್ನರಿತರಂತೆ, 37,000 ಜನರು ಪ್ರವ್ರಜ್ಯೆಯನ್ನು ಕೈಕೊಂಡರಂತೆ!

ಈ ಅಂಕೆಗಳನ್ನು ಯಾರೂ ಅಕ್ಷರಶಃ ನಂಬಲಾರರು. ಆದರೆ ಅಂಕೆಗಳೊಡನೆ ಹೆಸರುಗಳನ್ನೂ ತೂರಿಬಿಡುವುದು ವಿವೇಕವಲ್ಲ. ಅದೇ ಪಟ್ಟಿಯಲ್ಲಿ ಹಿಮವಂತಕ್ಕೆ ಹೋದನೆಂದಿರುವ ಮಜ್ಝಿಮನ ಹೆಸರು ಸಾಂಚಿಯ ಅಸ್ಥಿಕರಂಡದ ಮೇಲೆ ದೊರೆತಿದೆ. ಶಾಸನಗಳ ಪ್ರಿಯದರ್ಶಿಯು ಅಶೋಕನೇ ಎಂಬುದು 1837ರಲ್ಲಿ ಟರ್ನರನಿಗೆ ತಿಳಿದುದು ‘ದೀಪವಂಸ’ದಿಂದ, 1915ರಲ್ಲಿ ಮಸ್ಕಿಯ ಬಂಡೆಯು ಅಶೋಕನೆಂಬ ಹೆಸರನ್ನೇ ತೋರಿ ಅದಕ್ಕೆ ಸಾಕ್ಷಿ ನುಡಿಯಿತು.

ಆದುದರಿಂದ ವಂಸಕಾರನ ನಿಜವಾದ ದೋಷವು ಅವನು ಕೂಡಿಸಿದುದರಲ್ಲಿಲ್ಲ, ಬಿಟ್ಟುದರಲ್ಲಿದೆ. ಅವನ ಅಶೋಕನು 99 ಮಂದಿ ಸೋದರರನ್ನು ಕೊಂದು ಚಂಡಾಶೋಕನಾಗಿ, ನಿಗ್ರೋಧನೆಂಬ ಬಾಲಶ್ರಮಣನ ಮಾತಿನಿಂದ ಧರ್ಮಾಶೋಕನಾಗುತ್ತಾನೆ. ಆದರೆ ಐದನೆಯ ಶಿಲಾಶಾಸನವು ಸೋದರರ ಮನೆವಾರ್ತೆಗಳನ್ನು ಹೆಸರಿಸುತ್ತದೆ. ಹದಿಮೂರನೆಯದು ಕಳಿಂಗದಲ್ಲಿ ಲಕ್ಷ ಜನರು ಹತರಾದುದನ್ನೂ ದೊರೆಯ ಅನುತಾಪವನ್ನೂ ಹೇಳುತ್ತದೆ. ಮಹಾವಂಸದಲ್ಲಿ ಕಳಿಂಗಯುದ್ಧದ ಸೊಲ್ಲೇ ಇಲ್ಲ. ಅರಸನು ತನ್ನ ಮನಸ್ಸಾಕ್ಷಿಯಿಂದಲೇ ತಿದ್ದಿಕೊಂಡನೆಂದರೆ ಸಂಘದ ಮಹಿಮೆಗೆ ಎಡೆಯೆಲ್ಲಿ? ಸಂಘವನ್ನು ದೊಡ್ಡದು ಮಾಡಹೋಗಿ ಕವಿಯು ಮನುಷ್ಯನನ್ನು ಚಿಕ್ಕವನನ್ನಾಗಿ ಮಾಡಿದನು.

ಆ ಮನುಷ್ಯನು ಕಲಬುರ್ಗಿ ಜಿಲ್ಲೆಯ ಸನ್ನತಿಯಲ್ಲಿ ಮಾತನಾಡುತ್ತಾನೆ. ಚಂದ್ರಲಾಂಬೆಯ ಗುಡಿಯ ಆವರಣದಲ್ಲಿ ಕಾಳಿಯ ವಿಗ್ರಹಕ್ಕೆ ಪೀಠವಾಗಿದ್ದ ಶಿಲೆಯಲ್ಲಿ 1989ರಲ್ಲಿ ಬೆಳಕಿಗೆ ಬಂದ ಶಾಸನಗಳೊಳಗೆ, ಅದುವರೆಗೆ ಕಳಿಂಗದ ಧೌಲಿ-ಜೌಗಡಗಳಲ್ಲಿ ಮಾತ್ರ ಕಂಡಿದ್ದ ಎರಡು ಪ್ರತ್ಯೇಕಶಾಸನಗಳಿವೆ. ಪ್ರಜೆಗಳನ್ನು ಮಕ್ಕಳೆಂದು ಭಾವಿಸಿ, ಅಧಿಕಾರಿಗಳಿಗೆ ನ್ಯಾಯವನ್ನು ವಿಧಿಸುವ ವಾಣಿಯದು, ಅಲ್ಲಿ ಪವಾಡವಿಲ್ಲ.

ಹಾಗೆಂದು ಕಲ್ಲೆಲ್ಲ ಇತಿಹಾಸವೆಂದೂ ತಿಳಿಯಲಾಗದು. ಸಮೀಪದ ಕನಗನಹಳ್ಳಿಯ ಸ್ತೂಪದಲ್ಲಿ ‘ರಾಯೋ ಅಸೋಕೋ’ ಎಂದು ಹೆಸರು ಕೊರೆದ ಅರಸನ ಉಬ್ಬುಶಿಲ್ಪವಿದೆ. ಅವನು ಗತಿಸಿ ಬಹುಕಾಲವಾದ ಮೇಲೆ, ಕಣ್ಣಾರೆ ಕಾಣದ ಶಿಲ್ಪಿಯು ಭಕ್ತಿಯಿಂದ ಕಡೆದ ರೂಪವದು. ಕಲ್ಲಿನಲ್ಲಿ ಬರೆದ ವಂಸಕಥೆಯೆಂದೇ ಅದನ್ನು ಕರೆಯಬಹುದು. ಜನರು ಯಾರನ್ನು ನೆನೆದರೆಂಬುದನ್ನು ಶಿಲ್ಪವೂ ವಂಸವೂ ತಿಳಿಸುತ್ತವೆ. ಆತನು ಏಕೆ ನೆನೆಯತಕ್ಕವನೆಂಬುದನ್ನು ಆತನ ಶಾಸನವೇ ತಿಳಿಸಬೇಕು.