ಅರಾದಿನ ಕಲ್ಲು

ಯೆರೂಸಲೇಮಿನ ಇಸ್ರೇಲ್ ಮ್ಯೂಸಿಯಂನಲ್ಲಿ ಒಂದು ಪುಟ್ಟ ಗರ್ಭಗುಡಿ ಇದೆ. ಒಳಗೆ ಮೂರ್ತಿ ಇಲ್ಲ. ತುದಿ ದುಂಡಗಿರೋ ಒಂದು ಕಲ್ಲು ನಿಂತಿದೆ, ಮುಂದೆ ಎರಡು ಧೂಪವೇದಿಗಳು. 1960ರ ದಶಕದಲ್ಲಿ ಯೊಹಾನಾನ್ ಅಹರೋನಿ ಅರಾದ್ ಕೋಟೆಯನ್ನು ಅಗೆದಾಗ ಸಿಕ್ಕಿದ್ದು. ಅದು ಯೆಹೂದ ರಾಜ್ಯದ ಕೋಟೆ, ಗುಡಿ ಯೆಹೋವನದು.

ಮೂರ್ತಿಯೇ ಬೇಡ ಅಂದವರ ಗುಡಿಯಲ್ಲಿ ಈ ಕಲ್ಲಿಗೇನು ಕೆಲಸ? ಈ ಪ್ರಶ್ನೆಗೆ ನಾನು ಓದಿದ ಒಳ್ಳೆಯ ಉತ್ತರ ಸ್ವೀಡನ್ನಿನ ಟ್ರಿಗ್ವೆ ಮೆಟ್ಟಿಂಗರ್ 1995ರಲ್ಲಿ ಬರೆದ 'ನೋ ಗ್ರೇವನ್ ಇಮೇಜ್?' ಪುಸ್ತಕದಲ್ಲಿದೆ. ಅವರ ವಾದ ಸರಳ: ಕಲ್ಲು ಮೂರ್ತಿಪೂಜೆಯ ಪಳೆಯುಳಿಕೆ ಅಲ್ಲ, ಮೂರ್ತಿ ಇಲ್ಲದ ಪೂಜೆ ಅಂದರೇನೇ ಅದು. ಆ ಸೀಮೆಯ ಜನ ಮೊದಲಿಂದಲೂ ದೇವರಿಗೆ ಮುಖ ಕೆತ್ತದೆ ಕಲ್ಲು ನೆಡುತ್ತಿದ್ದರು. 'ಕೆತ್ತಬಾರದು' ಅನ್ನೋ ಕಾನೂನು ಬಂದದ್ದು ಎಷ್ಟೋ ಆಮೇಲೆ.

ಹೀಗೆ ನೋಡಿದರೆ ಬೈಬಲ್ಲಿನ ಗೊಂದಲವೂ ಅರ್ಥ ಆಗುತ್ತೆ. ಆದಿಕಾಂಡದಲ್ಲಿ ಯಾಕೋಬ ತಲೆಗಿಟ್ಟು ಮಲಗಿದ ಕಲ್ಲನ್ನೇ ನಿಲ್ಲಿಸಿ ಎಣ್ಣೆ ಹೊಯ್ಯುತ್ತಾನೆ. ಮೋಶೆ ಸೀನಾಯಿ ಬೆಟ್ಟದ ಬುಡದಲ್ಲಿ ಹನ್ನೆರಡು ಕಲ್ಲು ನೆಡುತ್ತಾನೆ. ಯಾರೂ ತಪ್ಪು ಅನ್ನಲ್ಲ. ಧರ್ಮೋಪದೇಶಕಾಂಡಕ್ಕೆ ಬಂದರೆ ಅದೇ ಕಲ್ಲು ಯೆಹೋವನಿಗೆ ಅಸಹ್ಯ! ಹೀಬ್ರೂವಿನಲ್ಲಿ ಎಲ್ಲ ಕಡೆಯೂ ಒಂದೇ ಪದ, ಮಸ್ಸೇಬಾ. ಕಲ್ಲು ಬದಲಾಗಿಲ್ಲ, ಅದನ್ನು ನೋಡುವವರು ಬದಲಾಗಿದ್ದಾರೆ.

ಇಲ್ಲಿಯವರೆಗೆ ಒಪ್ಪಿದೆ. ನನ್ನ ತಕರಾರು ಬೇರೆ. ಮೆಟ್ಟಿಂಗರ್ ಅವರ ಗಮನವೆಲ್ಲ ಗುಡಿಯ ಮೇಲೆ. ಮನೆಗಳ ಕಥೆ ಏನು? ಕ್ರಿ.ಪೂ. 8-7ನೇ ಶತಮಾನದ ಯೆಹೂದದ ಮನೆಗಳಲ್ಲಿ, ಯೆರೂಸಲೇಮಿನಲ್ಲೇ, ಎದೆಗೆ ಕೈ ಕೊಟ್ಟು ನಿಂತ ಹೆಣ್ಣಿನ ಮಣ್ಣಿನ ಗೊಂಬೆಗಳು ನೂರಾರು ಸಿಕ್ಕಿವೆ. ದೇವಿಯೋ, ಹರಕೆಯ ಗೊಂಬೆಯೋ, ವಿದ್ವಾಂಸರು ಇನ್ನೂ ಜಗಳ ಆಡ್ತಿದ್ದಾರೆ. ಏನೇ ಇರಲಿ, ಅವಕ್ಕೆ ಮುಖ ಇದೆ. ಸಿನಾಯ್ ಮರುಭೂಮಿಯ ಕುಂಟಿಲೆಟ್ ಅಜ್ರುದ್‌ನಲ್ಲಿ ಸಿಕ್ಕ ಮಡಕೆಯ ಮೇಲೆ ಯೆಹೋವನ ಜೊತೆಗೆ 'ಅವನ ಅಶೇರಾ'ಳ ಹೆಸರಲ್ಲೂ ಆಶೀರ್ವಾದ ಬರೆದಿದೆ. ಅಶೇರಾ ಅಂದರೆ ದೇವಿಯೋ, ಬರೀ ಮರದ ಕಂಬವೋ ಅನ್ನೋದೂ ಇನ್ನೂ ತೀರ್ಮಾನ ಆಗಿಲ್ಲ. ಇದನ್ನೆಲ್ಲ ಪಕ್ಕಕ್ಕಿಟ್ಟು 'ಇಸ್ರೇಲಿಗೆ ಮೂರ್ತಿ ಇರಲಿಲ್ಲ' ಅಂದರೆ, ಇಸ್ರೇಲ್ ಅಂದರೆ ಪುರೋಹಿತರು ಮಾತ್ರ ಅಂದ ಹಾಗಾಯ್ತು. ಒಲೆ ಮುಂದೆ ಕೂತು ಹರಕೆ ಹೊತ್ತವರು ಲೆಕ್ಕಕ್ಕೇ ಬರಲಿಲ್ಲ.

ಇನ್ನೊಂದು ಮಾತು. ಹಿಜ್ಕೀಯ ರಾಜ ಕಲ್ಲುಕಂಬಗಳನ್ನು ಒಡೆಸಿದ ಅಂತ ಅರಸುಗಳ ಎರಡನೇ ಪುಸ್ತಕ ಹೆಮ್ಮೆಯಿಂದ ಹೇಳುತ್ತೆ. ಅರಾದಿನಲ್ಲಿ ಹಾಗೆ ಕಾಣಲಿಲ್ಲ. ಎರಡು ವೇದಿಗಳನ್ನೂ ಪಕ್ಕಕ್ಕೆ ಮಲಗಿಸಿ ಮೇಲೆ ಮಣ್ಣು ಮುಚ್ಚಿದ್ದರು. ಕಲ್ಲು ಇಡಿಯಾಗಿಯೇ ಸಿಕ್ಕಿತು. ಇದು ಹಿಜ್ಕೀಯನ ಅಪ್ಪಣೆಯೋ, ಶತ್ರುವಿನ ಭಯವೋ ಅನ್ನೋ ವಾದ ಮುಗಿದಿಲ್ಲ. ಆದರೆ ಮುಚ್ಚಿದವರಿಗೆ ಅದು ಕಸ ಆಗಿರಲಿಲ್ಲ. 2020ರಲ್ಲಿ ಪ್ರಕಟವಾದ ಪರೀಕ್ಷೆಯ ಪ್ರಕಾರ ಒಂದು ವೇದಿಯ ಮೇಲೆ ಸಾಂಬ್ರಾಣಿ, ಇನ್ನೊಂದರ ಮೇಲೆ ಗಾಂಜಾ, ಕೊನೆಗೆ ಉರಿದ ಧೂಪದ ಅಂಟು ಹಾಗೇ ಉಳಿದಿತ್ತು.