‘ಆದಿತ್ಯ 369’ರ ಹೊಸ ಪ್ರೇಕ್ಷಕ ಯಾರು?

2025ರ ಏಪ್ರಿಲ್ ಮೊದಲ ವಾರ ತೆಲುಗಿನ ‘ಆದಿತ್ಯ 369’ ಮತ್ತೆ ಥಿಯೇಟರುಗಳಿಗೆ ಬಂತು. 4ಕೆ ಪ್ರಿಂಟು, ಹೊಸದಾಗಿ ಸಜ್ಜುಗೊಳಿಸಿದ ಧ್ವನಿ. ಗನ್ನವರಂನಿಂದ ವಿಜಯವಾಡಕ್ಕೆ ಮಗಳನ್ನು ಕರೆದುಕೊಂಡು ಹೋಗಿದ್ದೆ. ಒಳಗೆ ಜಾತ್ರೆಯೇ ನಡೆದಿತ್ತು. ಪರದೆಯ ಮುಂದೆ ಕಾಗದದ ಚೂರು ತೂರುವವರು, “ಜೈ ಬಾಲಯ್ಯ” ಎಂದು ಕೂಗುವವರು, ಮುಂದಿನ ಮಾತನ್ನು ಪರದೆಗಿಂತ ಮೊದಲೇ ಒಪ್ಪಿಸುವವರು. ಹೆಚ್ಚಿನವರು ಈ ಸಿನಿಮಾ ಮೊದಲು ಬಿಡುಗಡೆಯಾದ 1991ರಲ್ಲಿ ಹುಟ್ಟಿಯೇ ಇರಲಿಲ್ಲ.

ಟೈಮ್ ಮಶೀನು 1526ಕ್ಕೆ ಹೋಗಿ ಇಳಿದು, ಬಾಲಕೃಷ್ಣ ಕೃಷ್ಣದೇವರಾಯನಾಗಿ ಸಿಂಹಾಸನದ ಮೇಲೆ ಕಾಣಿಸಿಕೊಂಡಾಗ ಮಗಳು ನನ್ನ ಕಿವಿಯ ಹತ್ತಿರ ಬಂದು ಕೇಳಿದಳು: “ಅಪ್ಪಾ, ಕೃಷ್ಣದೇವರಾಯ ತೆಲುಗಿನವನಾ? ಹಂಪಿ ನಮ್ಮದಲ್ವಾ?” ಪಕ್ಕದ ಸೀಟಿನ ಹುಡುಗನಿಗೆ ಕನ್ನಡ ಅರ್ಥವಾಗಿರಲಿಕ್ಕಿಲ್ಲ, ಆದರೆ ಹೆಸರುಗಳು ಕೇಳಿಸಿದವು. ನಗುತ್ತಾ, “ಅಂಕಲ್, ಆಯನ ಮಾವಾಡೇ” ಅಂದ. ಅವರು ನಮ್ಮವರೇ ಎಂದು. ನಾನೂ ನಕ್ಕೆ. ಮಗಳಿಗೆ ಏನೂ ಹೇಳಲಿಲ್ಲ. ಆ ಹೊತ್ತಿಗೆ ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ.

ನಾನು ಕಂಪ್ಲಿಯವನು. 1991ರಲ್ಲಿ ಸೋದರಮಾವ ನನ್ನನ್ನು ಬಳ್ಳಾರಿಗೆ ಕರೆದೊಯ್ದು ಇದೇ ಚಿತ್ರ ತೋರಿಸಿದ್ದರು. ನಮ್ಮ ಕಡೆ ತೆಲುಗು ಸಿನಿಮಾ ನೋಡುವುದು ಪರಭಾಷೆಯ ಸಿನಿಮಾ ನೋಡಿದಂತೆ ಅಲ್ಲವೇ ಅಲ್ಲ. ಅರ್ಧ ಅರ್ಥವಾಗುತ್ತದೆ, ಉಳಿದರ್ಧವನ್ನು ಮಾವಂದಿರು ಹೇಳುತ್ತಾರೆ. ಅದೇ ವರ್ಷ ಶಾಲೆಯಿಂದ ಹಂಪಿಗೆ ಹೋದಾಗ ಮೇಷ್ಟ್ರನ್ನು “ಸಾರ್, ದರ್ಬಾರು ಎಲ್ಲಿ?” ಎಂದು ಕೇಳಿದ್ದೆ. ಅವರು ತೋರಿಸಿದ್ದು ಕಂಬ ನಿಲ್ಲಿಸಲು ಕೊರೆದ ಸಾಲು ಸಾಲು ಗುಳಿಗಳಿದ್ದ ಒಂದು ಖಾಲಿ ಕಲ್ಲಿನ ಜಗತಿ. ಕಂಬವೂ ಇಲ್ಲ, ಮಾಡೂ ಇಲ್ಲ. ಸಿನಿಮಾದವರು ಕಟ್ಟಿದ್ದು ಈ ಜಗತಿಯ ಮೇಲಿನ ಭಾಗವನ್ನು ಎಂದು ಆಗ ಅನ್ನಿಸಿತ್ತು. ಈಗಲೂ ಹಾಗೇ ಅನ್ನಿಸುತ್ತದೆ. ಇಂಥ ಸಿನಿಮಾಗಳ ಬಲವೂ ಅಪಾಯವೂ ಅದೇ. ಖಾಲಿ ಜಗತಿಯ ಮೇಲೆ ಏನು ಕಟ್ಟಿದರೂ ಮಕ್ಕಳ ಮನಸ್ಸಿನಲ್ಲಿ ನಿಲ್ಲುವುದು ಅದೇ ಕಟ್ಟಡ.

ಈ ಚಿತ್ರವನ್ನು ಮತ್ತೆ ಚರ್ಚೆಗೆ ಎಳೆಯಲು ಕಾರಣವಿದೆ. ‘ಆದಿತ್ಯ 999 ಮ್ಯಾಕ್ಸ್’ ಎಂಬ ಹೆಸರಿನಲ್ಲಿ ಇದರ ಮುಂದಿನ ಭಾಗದ ಮಾತು ಕೆಲವು ವರ್ಷಗಳಿಂದ ನಡೆದಿದೆ. ಅದರಲ್ಲಿ ತಮ್ಮ ಮಗ ಮೋಕ್ಷಜ್ಞ ಇರುತ್ತಾರೆಂದು ಬಾಲಕೃಷ್ಣ ಅವರೇ ಹೇಳಿದ್ದಾರೆ. ಹಳೆಯ ವೈಜ್ಞಾನಿಕ ಕಥೆಯೊಂದನ್ನು ಹೊಸ ಪ್ರೇಕ್ಷಕರಿಗಾಗಿ ಮತ್ತೆ ಕಟ್ಟುವುದು ಎಂದರೆ ಏನು, ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ಯೋಚಿಸಲು ಇದಕ್ಕಿಂತ ಹತ್ತಿರದ ಉದಾಹರಣೆ ನಮಗಿಲ್ಲ.

ನಿರ್ದೇಶಕ ಸಿಂಗೀತಂ ಶ್ರೀನಿವಾಸ ರಾವ್ ನಮಗೆ ಹೊರಗಿನವರಲ್ಲ. ‘ಹಾಲು ಜೇನು’, ‘ಚಲಿಸುವ ಮೋಡಗಳು’, ‘ಎರಡು ನಕ್ಷತ್ರಗಳು’, ಶಿವರಾಜ್‌ಕುಮಾರ್ ನಾಯಕರಾದ ಮೊದಲ ಚಿತ್ರ ‘ಆನಂದ್’ ಎಲ್ಲವೂ ಅವರವೇ. ಬೆಂಗಳೂರಿನಲ್ಲಿ ಚಿತ್ರೀಕರಿಸಿದ, ಮಾತೇ ಇಲ್ಲದ ‘ಪುಷ್ಪಕ ವಿಮಾನ’ವೂ ಅವರದು. ಅದಕ್ಕೂ ಮೊದಲು ‘ಮಾಯಾಬಜಾರ್’ ಮಾಡಿದ ಕೆ.ವಿ. ರೆಡ್ಡಿ ಅವರ ಬಳಿ ಸಹಾಯಕರಾಗಿದ್ದರು. 1957ರ ಆ ಚಿತ್ರದಲ್ಲಿ ಶಶಿರೇಖೆ ತೆರೆದು ನೋಡುವ ‘ಪ್ರಿಯದರ್ಶಿನಿ’ ಪೆಟ್ಟಿಗೆ ನೆನಪಿದೆಯಲ್ಲ? ನೋಡುವವರ ಮನಸ್ಸಿಗೆ ಪ್ರಿಯವಾದದ್ದು ಅದರಲ್ಲಿ ಕಾಣುತ್ತದೆ. ಇಂದಿನ ಮಕ್ಕಳಿಗೆ ತೋರಿಸಿದರೆ ಲ್ಯಾಪ್‌ಟಾಪ್ ಅನ್ನುತ್ತವೆ. ‘ಆದಿತ್ಯ 369’ಕ್ಕೆ ಎಚ್.ಜಿ. ವೆಲ್ಸ್‌ನ ಟೈಮ್ ಮಶೀನು ಒಂದು ಮೂಲವಾದರೆ, ಈ ಪೆಟ್ಟಿಗೆ ಇನ್ನೊಂದು ಮೂಲ ಎಂದು ನನ್ನ ಊಹೆ.

ಈ ಸಲ ನೋಡುವಾಗ ಒಂದು ವಿಷಯ ಗಮನಿಸಿದೆ. ಯಂತ್ರ 2504ಕ್ಕೆ ಹೋಗುವ ಭಾಗ ಬಂದಾಗ ಥಿಯೇಟರಿನಲ್ಲಿ ನಗು ಎದ್ದಿತು. ಅಣುಯುದ್ಧದ ನಂತರ ಜನ ನೆಲದಡಿಯಲ್ಲಿ ಬದುಕುವ ಕಾಲ ಅದು. 1991ರಲ್ಲಿ ಭಯ ಹುಟ್ಟಿಸಿದ ಸೆಟ್ಟುಗಳು ಈಗ ಸೆಟ್ಟುಗಳಂತೆಯೇ ಕಾಣುತ್ತವೆ. ಆದರೆ ವಿಜಯನಗರದ ಭಾಗದಲ್ಲಿ ಅಂಥ ನಗು ಬರಲಿಲ್ಲ. ಬಂದದ್ದು ಬೇರೆ ನಗು, ಸಿಂಗೀತಂ ಬೇಕೆಂದೇ ಬರಿಸಿದ ನಗು. ಕಾರಣ ಆ ಯಂತ್ರದಲ್ಲಿ ಯಾರು ಕೂತಿದ್ದಾರೆ ಎಂಬುದು. ವಿಜ್ಞಾನಿ ಅದರಲ್ಲಿಲ್ಲ. ಒಬ್ಬ ಹುಡುಗ, ಒಬ್ಬಳು ಹುಡುಗಿ, ಜೊತೆಗೆ ಒಬ್ಬ ಪೊಲೀಸ್ ಕಾನ್‌ಸ್ಟೇಬಲ್ಲು. ಯೂನಿಫಾರಂ ಹಾಕಿಕೊಂಡ ಕಾನ್‌ಸ್ಟೇಬಲ್ಲು ರಾಯರ ಕಾಲದಲ್ಲಿ ಇಳಿದ ಎಂಬುದರಲ್ಲೇ ಕಥೆ ಇದೆ. ಇಂದಿನ ಸಾಧಾರಣ ಮನುಷ್ಯ ತನಗೆ ದೊಡ್ಡದೆಂದು ಕಲಿಸಿದ ಕಾಲದ ಮುಂದೆ ಹೋಗಿ ಪೆಚ್ಚಾಗಿ ನಿಲ್ಲುವ ಮುಜುಗರವನ್ನು ತೋರಿಸಲು ಗ್ರಾಫಿಕ್ಸ್ ಬೇಕಿಲ್ಲ. ಅದಕ್ಕೇ ಅದು ಹಳತಾಗಿಲ್ಲ.

ನನ್ನ ಕಸುಬಿನಲ್ಲಿ ಹಳೆಯ ಸಾಫ್ಟ್‌ವೇರನ್ನು ಹೊಸದಕ್ಕೆ ಬದಲಾಯಿಸುವುದೇ ಅರ್ಧ ಕೆಲಸ. ಹೊಸ ಹುಡುಗರು ಬಂದೊಡನೆ ಹೇಳುವುದು ಒಂದೇ: ಇದನ್ನೆಲ್ಲಾ ತೆಗೆದುಹಾಕಿ ಮೊದಲಿಂದ ಬರೆಯೋಣ ಸಾರ್. ಸ್ಕ್ರೀನು ಚೆಂದವಾಗುತ್ತದೆ, ವೇಗ ಬರುತ್ತದೆ. ಆರು ತಿಂಗಳಿಗೆ ಯಾವುದೋ ಬ್ರಾಂಚಿನ ಗುಮಾಸ್ತರೊಬ್ಬರು ಫೋನು ಮಾಡಿ, ಹಳೆಯದರಲ್ಲಿ ಒಂದು ಕಾಲಂ ಇತ್ತಲ್ಲ, ಅದೆಲ್ಲಿ ಎಂದು ಕೇಳುತ್ತಾರೆ. ಅದು ಯಾವ ದಾಖಲೆಯಲ್ಲೂ ಇರುವುದಿಲ್ಲ. ಇಡೀ ಕೆಲಸ ನಡೆಯುತ್ತಿದ್ದದ್ದು ಮಾತ್ರ ಅದರ ಮೇಲೆ. ‘ಆದಿತ್ಯ 369’ರಲ್ಲಿ ಆ ಕಾಲಂ ಎಂದರೆ ಕಾನ್‌ಸ್ಟೇಬಲ್ಲು.

ಹಾಗೆಂದು ಎಲ್ಲವನ್ನೂ ಹಾಗೆಯೇ ಉಳಿಸಿದರೂ ಆಗದು. ಜಪಾನಿನವರ ಗೊಡ್ಜಿಲ್ಲಾ ನೋಡಿ. 1954ರಲ್ಲಿ ಆ ಪ್ರಾಣಿ ಎದ್ದು ಬಂದದ್ದು ಅಣುಬಾಂಬಿನ ಪರೀಕ್ಷೆಗಳ ಭಯದಿಂದ. 2016ರ ‘ಶಿನ್ ಗೊಡ್ಜಿಲ್ಲಾ’ ಬರುವ ಹೊತ್ತಿಗೆ ದೇಶ 2011ರ ಸುನಾಮಿ ಮತ್ತು ಫುಕುಶಿಮಾ ದುರಂತವನ್ನು ಕಂಡಿತ್ತು. ನಿರ್ದೇಶಕರು ಪ್ರಾಣಿಯನ್ನು ಇಟ್ಟುಕೊಂಡು ಭಯವನ್ನು ಬದಲಿಸಿದರು. ಈ ಚಿತ್ರದಲ್ಲಿ ಪ್ರಾಣಿಗಿಂತ ಹೆಚ್ಚು ಹೊತ್ತು ಕಾಣುವುದು ಅಧಿಕಾರಿಗಳ ಮೀಟಿಂಗುಗಳು. ಊರು ಕುಸಿಯುತ್ತಿದೆ, ಇವರು ಯಾವ ಕೋಣೆಯಲ್ಲಿ ಸೇರಬೇಕೆಂದು ತೀರ್ಮಾನಿಸುತ್ತಿದ್ದಾರೆ. ದಿನಕ್ಕೆ ಐದು ಮೀಟಿಂಗು ಮಾಡುವ ನನಗೆ ಅದಕ್ಕಿಂತ ಭಯಾನಕವಾದದ್ದು ಬೇರೆ ಕಂಡಿಲ್ಲ. ಹೊಸ ಪ್ರೇಕ್ಷಕರಿಗಾಗಿ ಬದಲಿಸಬೇಕಾದದ್ದು ಯಾವುದೆಂದು ಅವರಿಗೆ ಗೊತ್ತಿತ್ತು.

ನಮ್ಮಲ್ಲಿ ಇತ್ತೀಚಿನ ದೊಡ್ಡ ಪ್ರಯತ್ನ 2024ರ ‘ಕಲ್ಕಿ 2898 ಎಡಿ’. ನಾಗ್ ಅಶ್ವಿನ್ ಅವರ ಈ ಚಿತ್ರಕ್ಕೆ ಸಿಂಗೀತಂ ಅವರೇ ಮಾರ್ಗದರ್ಶಕರಾಗಿದ್ದರು. ಮಹಾಭಾರತ ಅದರಲ್ಲಿದೆ, ದೂರದ ಭವಿಷ್ಯದ ಕಾಶಿಯಿದೆ, ಅಶ್ವತ್ಥಾಮನಿದ್ದಾನೆ. ಕಣ್ಣಿಗೆ ಹಬ್ಬವೇ ಸರಿ. ಆದರೆ ಅದರಲ್ಲಿ ನಮ್ಮ ಕಾಲವಿಲ್ಲ. ಪುರಾಣದ ಕಾಲದಿಂದ 2898ಕ್ಕೆ ನೇರ ಜಿಗಿತ. ನಡುವಿನ ನಮ್ಮನ್ನು ಅದು ದಾಟಿಕೊಂಡು ಹೋಗುತ್ತದೆ. ದೊಡ್ಡವರು ದೊಡ್ಡವರನ್ನು ಭೇಟಿಯಾಗುತ್ತಾರೆ, ನಾವು ಕೆಳಗೆ ಕೂತು ಚಪ್ಪಾಳೆ ತಟ್ಟುತ್ತೇವೆ. ಹೊಸ ‘ಆದಿತ್ಯ’ ಈ ದಾರಿ ಹಿಡಿದರೆ ಅದು ಹೆಸರಿಗೆ ಮಾತ್ರ ‘ಆದಿತ್ಯ’.

ಇನ್ನು ಮಗಳ ಪ್ರಶ್ನೆಗೆ ಬರುತ್ತೇನೆ.

ಹೊಸ ಪ್ರೇಕ್ಷಕ ಎಂದಾಗ ನಾವೆಲ್ಲ ವಯಸ್ಸನ್ನು ಲೆಕ್ಕ ಹಾಕುತ್ತೇವೆ. ಹೊಸಬರ ಇನ್ನೊಂದು ಗುಂಪಿದೆ: ಮೊದಲ ಸಲ ಲೆಕ್ಕಕ್ಕೇ ಬಾರದವರು. 1991ರಲ್ಲಿ ಕರ್ನಾಟಕದಲ್ಲಿ ಡಬ್ಬಿಂಗ್ ಚಿತ್ರಗಳಿಗೆ ಬಾಗಿಲು ಮುಚ್ಚಿತ್ತು. ‘ಆದಿತ್ಯ 369’ ತಮಿಳಿಗೆ, ಹಿಂದಿಗೆ ಹೋಯಿತು. ಯಾರ ರಾಜಧಾನಿಯಲ್ಲಿ ಅದರ ನಡುಭಾಗ ನಡೆಯುತ್ತದೋ ಆ ಭಾಷೆಗೆ ಬರಲಿಲ್ಲ. ಈಗ ಬಾಗಿಲು ತೆರೆದಿದೆ. ‘ಕಲ್ಕಿ’ ಕನ್ನಡದಲ್ಲೂ ಬಂತು. ಹೊಸ ‘ಆದಿತ್ಯ’ ಮತ್ತೆ ರಾಯರ ಬಳಿಗೆ ಹೋಗುವುದಾದರೆ, ಆ ಆಸ್ಥಾನ ಹೊಸಪೇಟೆಯಲ್ಲಿ, ಕೊಪ್ಪಳದಲ್ಲಿ, ನನ್ನ ಕಂಪ್ಲಿಯಲ್ಲಿ ಕನ್ನಡದಲ್ಲೇ ಮಾತಾಡುತ್ತದೆ. ಆಗ ಅಲ್ಲಿ ಯಾರು ಯಾರು ಕೂತಿರುತ್ತಾರೆ?

ಹಳೆಯ ಚಿತ್ರದ ಆಸ್ಥಾನದಲ್ಲಿ ತೆನಾಲಿ ರಾಮಕೃಷ್ಣನಿದ್ದಾನೆ. ಅದು ಪೂರ್ತಿ ತೆಲುಗಿನ ಆಸ್ಥಾನ. ನಾವೂ ಸಾಚಾಗಳೇನಲ್ಲ. ರಾಜ್‌ಕುಮಾರ್ ರಾಯನಾಗಿ, ಪಂತುಲು ಅವರು ತಿಮ್ಮರಸುವಾಗಿ ನಟಿಸಿದ 1970ರ ‘ಶ್ರೀ ಕೃಷ್ಣದೇವರಾಯ’ದ ವಿಜಯನಗರ ಅಷ್ಟೇ ಪೂರ್ತಿಯಾಗಿ ಕನ್ನಡದ್ದು. ನಮ್ಮಪ್ಪ ಅದನ್ನು ನೆನೆದಾಗಲೆಲ್ಲ ರಾಯರು ನಮ್ಮ ಪಕ್ಕದ ಮನೆಯವರೇನೋ ಎಂಬಂತೆ ಮಾತಾಡುತ್ತಿದ್ದರು. ವಿಜಯವಾಡದ ಆ ಹುಡುಗ “ಮಾವಾಡೇ” ಅಂದಾಗಿನ ದನಿಯೂ ಅದೇ.

ನಿಜವಾದ ರಾಯ ಇಬ್ಬರ ಸಿನಿಮಾಕ್ಕಿಂತ ಹೆಚ್ಚು ಸ್ವಾರಸ್ಯದವನು. ಅವನ ಶಾಸನಗಳು ಕನ್ನಡ, ತೆಲುಗು, ತಮಿಳು, ಸಂಸ್ಕೃತ ಎಲ್ಲದರಲ್ಲೂ ಇವೆ. ‘ಪಾರಿಜಾತಾಪಹರಣಮು’ ಬರೆದ ನಂದಿ ತಿಮ್ಮನ ಅವನ ಆಸ್ಥಾನದ ತೆಲುಗು ಕವಿ. ಕುಮಾರವ್ಯಾಸ ಬಿಟ್ಟ ಪರ್ವಗಳನ್ನು ಕನ್ನಡದಲ್ಲಿ ಪೂರೈಸಿ ‘ಕೃಷ್ಣರಾಯ ಭಾರತ’ ಎಂದು ರಾಯನ ಹೆಸರನ್ನೇ ಇಟ್ಟವನು ತಿಮ್ಮಣ್ಣ ಕವಿ. ನಮ್ಮ ಕಾನ್‌ಸ್ಟೇಬಲ್ಲು ಸಭೆಯಲ್ಲಿ ನಿಂತು “ತಿಮ್ಮಣ್ಣಾ” ಎಂದು ಕೂಗಿದರೆ ಇಬ್ಬರು ತಿರುಗಿ ನೋಡಬೇಕು. ಒಬ್ಬ ಕನ್ನಡದಲ್ಲಿ ಏನೆಂದು ಕೇಳಬೇಕು, ಇನ್ನೊಬ್ಬ ತೆಲುಗಿನಲ್ಲಿ. ಸಿಂಗೀತಂ ಅವರ ಕೈಗೆ ಸಿಕ್ಕಿದ್ದರೆ ಈ ದೃಶ್ಯವನ್ನು ಬಿಡುತ್ತಿದ್ದರೆ? ಇಲ್ಲಿ ಡಬ್ಬಿಂಗೂ ಕೆಲಸಕ್ಕೆ ಬಾರದು. ಎರಡು ಭಾಷೆಯನ್ನೂ ಹಾಗೆಯೇ ಬಿಟ್ಟರೆ ಮಾತ್ರ ನಗು ಬರುತ್ತದೆ.

ಗನ್ನವರಂಗೆ ಬಂದ ಮೇಲೆ ತಿಳಿದ ಇನ್ನೊಂದು ಸಂಗತಿ ಇದೆ. ಗಜಪತಿಯ ಮೇಲಿನ ದಂಡಯಾತ್ರೆಯಲ್ಲಿ ರಾಯ ಈ ಸೀಮೆಗೆ ಬಂದಿದ್ದ. ವಿಜಯವಾಡದ ಪಕ್ಕದ ಕೊಂಡಪಲ್ಲಿ ಕೋಟೆಯನ್ನು ಗೆದ್ದ. ಆ ಕಾಲದಲ್ಲೇ ಇಲ್ಲಿನ ಕೃಷ್ಣಾ ಜಿಲ್ಲೆಯ ಶ್ರೀಕಾಕುಳದ ಆಂಧ್ರ ಮಹಾವಿಷ್ಣು ಕನಸಿನಲ್ಲಿ ಬಂದು ತೆಲುಗಿನಲ್ಲಿ ಕಾವ್ಯ ಬರೆಯಲು ಹೇಳಿದನೆಂದು ರಾಯನೇ ‘ಆಮುಕ್ತಮಾಲ್ಯದ’ದ ಮೊದಲಲ್ಲಿ ಬರೆದಿದ್ದಾನೆ. ತೆಲುಗಿನವರು ಹೆಮ್ಮೆಯಿಂದ ಹೇಳುವ ಪ್ರಸಂಗ ಇದು, ಹೇಳಬೇಕಾದದ್ದೇ. ಆದರೆ ಆ ಪದ್ಯಗಳನ್ನು ಆಫೀಸಿನ ಹಿರಿಯ ಸಹೋದ್ಯೋಗಿಯೊಬ್ಬರು ನನಗೆ ಓದಿ ಅರ್ಥ ಹೇಳುವಾಗ ಒಂದು ಕಡೆ ತಾವೇ ನಿಂತುಬಿಟ್ಟರು. ದೇವರು ತನ್ನನ್ನು ತೆಲುಗುರಾಯನೆಂದು ಕರೆದುಕೊಳ್ಳುತ್ತಾನೆ. ಅದೇ ಉಸಿರಿನಲ್ಲಿ ಎದುರಿಗಿರುವ ಅರಸನನ್ನು ಕರೆಯುವುದು ಕನ್ನಡರಾಯ ಎಂದು. ತೆಲುಗಿನ ಅಭಿಮಾನಕ್ಕೆ ಬುನಾದಿಯಾದ ಕಾವ್ಯದಲ್ಲಿ, ಆ ಅರಸನೇ ಬರೆದ ಪದ್ಯದಲ್ಲಿ. “ಇಷ್ಟು ವರ್ಷ ಕಣ್ಣಿಗೇ ಬಿದ್ದಿರಲಿಲ್ಲ ನೋಡಿ” ಎಂದು ಅವರು ನಕ್ಕರು. ನನಗೆ ಆ ಪದ್ಯವೇ ಗೊತ್ತಿರಲಿಲ್ಲ, ಆದ್ದರಿಂದ ಗೆದ್ದೆನೆಂದು ಬೀಗುವ ಹಕ್ಕೂ ಇರಲಿಲ್ಲ.

ಐನೂರು ವರ್ಷದ ಹಿಂದೆ ಅವನಿಗೆ ಇದು ಸಮಸ್ಯೆಯೇ ಆಗಿರಲಿಲ್ಲ. ಸಮಸ್ಯೆ ನಮ್ಮ ಕಾಲದ್ದು. ಹಾಗಾಗಿ ಟೈಮ್ ಮಶೀನಿನಲ್ಲಿ ಕೂತು ಹೋಗಬೇಕಾದವರೂ ನಾವೇ: ರಾಯರು ನಮ್ಮವರೆಂದು ಜಗಳವಾಡುತ್ತಾ ಹೋಗಿ, ಅಲ್ಲಿ ಇಳಿದು, ಪೆಚ್ಚಾಗಬೇಕಾದವರು. 1991ರ ಚಿತ್ರ ಅಣುಯುದ್ಧಕ್ಕೆ ಹೆದರಿತ್ತು. ಹೊಸ ಚಿತ್ರಕ್ಕೆ ಹೊಸ ಭಯ ಬೇಕಿದ್ದರೆ ದೂರ ಹುಡುಕಬೇಕಾಗಿಲ್ಲ. ಎಲ್ಲ ಹಳೆಯದನ್ನೂ ಒಬ್ಬರೇ ಬಾಚಿಕೊಂಡು ಉಳಿದವರನ್ನು ಹೊರಗೆ ನಿಲ್ಲಿಸುವ ಇಂದಿನ ಚಟ ಸಾಕು. 2504ರಲ್ಲಿ ಈ ಚಟ ಎಲ್ಲಿಗೆ ಮುಟ್ಟಿರುತ್ತದೆ ಎಂದು ತೋರಿಸಿದರೆ ಯಾರೂ ಸೆಟ್ಟು ನೋಡಿ ನಗುವುದಿಲ್ಲ.

ಮಗಳಿಗೆ ಈಗ ಉತ್ತರ ಹೇಳಿದ್ದೇನೆ. ಶ್ರೀಕಾಕುಳದ ಗುಡಿಗೂ ಒಮ್ಮೆ ಕರೆದೊಯ್ದೆ. “ಹಾಗಾದ್ರೆ ಆ ಅಣ್ಣ ಹೇಳಿದ್ದೂ ಸರಿ, ನಾನು ಹೇಳಿದ್ದೂ ಸರಿ” ಅಂದಳು. ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು: “ಮತ್ತೆ ಸಿನಿಮಾದಲ್ಲಿ ಯಾಕೆ ಹಾಗೆ ತೋರಿಸ್ಲಿಲ್ಲ?”

‘ಆದಿತ್ಯ 999’ ಮಾಡುವವರು ಕಥೆ ಬರೆಯುವ ಮೇಜಿನ ಮೇಲೆ ಈ ಪ್ರಶ್ನೆಯನ್ನೂ ಇಟ್ಟುಕೊಳ್ಳಲಿ. ಕೇಳಿದವಳಿಗೆ ಹದಿಮೂರು ವರ್ಷ. ಟಿಕೆಟ್ಟು ಕೊಳ್ಳುವವಳು ಅವಳೇ.