ರಾಜ್ಯಶಾಸ್ತ್ರ ಪದವೀಧರರ ಆದಾಯ ಮತ್ತು ಋಣ: ಅಮೆರಿಕದ ಒಂದು ಪಟ್ಟಿಯ ವಿಮರ್ಶೆ

ಅಮೆರಿಕದ ಸಂಯುಕ್ತ ಸಂಸ್ಥಾನಗಳ ಶಿಕ್ಷಣ ಇಲಾಖೆಯು ‘ಕಾಲೇಜ್ ಸ್ಕೋರ್‌ಕಾರ್ಡ್’ ಎಂಬ ಪಟ್ಟಿಯೊಂದನ್ನು ಸಾರ್ವಜನಿಕರ ಉಪಯೋಗಕ್ಕಾಗಿ ಪ್ರಕಟಿಸುತ್ತ ಬಂದಿದೆ. 2015ರಲ್ಲಿ ವಿಸ್ತೃತ ರೂಪದಲ್ಲಿ ಹೊರಬಂದಾಗ ಅದು ಇಡೀ ಕಾಲೇಜಿನ ಲೆಕ್ಕವನ್ನಷ್ಟೇ ಕೊಡುತ್ತಿತ್ತು. 2019ರಿಂದೀಚೆಗೆ ಒಂದೊಂದು ಕಾಲೇಜಿನ ಒಂದೊಂದು ವಿಷಯಕ್ಕೂ ಪ್ರತ್ಯೇಕವಾಗಿ ಎರಡು ಅಂಕಿಗಳನ್ನು ಕೊಡುತ್ತಿದೆ: ಆ ವಿಷಯದಲ್ಲಿ ಪದವಿ ಪಡೆದವರ ಆದಾಯದ ಮಧ್ಯಾಂಕ ಒಂದು, ಅವರ ಸಾಲದ ಮಧ್ಯಾಂಕ ಇನ್ನೊಂದು. ಮಧ್ಯಾಂಕವೆಂದರೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದಾಗ ನಟ್ಟನಡುವೆ ನಿಂತವನ ಅಂಕಿ. ಈ ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದವರು ರಾಜ್ಯಶಾಸ್ತ್ರವು ಎಂಜಿನಿಯರಿಂಗಿನಂತಹ ವಿಷಯಗಳಿಗಿಂತ ಕಡಮೆ ಗಳಿಕೆಯ, ಆದಕಾರಣ ನಷ್ಟದ, ವಿದ್ಯೆಯೆಂದು ತೀರ್ಮಾನಿಸುವುದುಂಟು. ಈ ತೀರ್ಮಾನವು ಎಷ್ಟರಮಟ್ಟಿಗೆ ನಿಲ್ಲುತ್ತದೆಂಬುದನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ. ಲೇಖಕನು ಇತಿಹಾಸದ ಅಧ್ಯಾಪಕನೇ ಹೊರತು ಅರ್ಥಶಾಸ್ತ್ರಜ್ಞನಲ್ಲ. ಯಾವುದೇ ದಾಖಲೆಯನ್ನು ಎದುರಿಸಿದಾಗ ಇತಿಹಾಸಕಾರನು ಕೇಳುವ ಪ್ರಶ್ನೆಗಳನ್ನೇ ಇಲ್ಲಿಯೂ ಕೇಳಲಾಗಿದೆ. ಇದನ್ನು ಬರೆದವರು ಯಾರು, ಇದರಲ್ಲಿ ಯಾರ ಲೆಕ್ಕವಿದೆ, ಯಾರ ಲೆಕ್ಕವಿಲ್ಲ?

ಮೊದಲಿಗೆ ಪಟ್ಟಿಯ ಪರವಾಗಿ ಹೇಳಬೇಕಾದುದನ್ನು ಹೇಳಿಬಿಡುವುದು ನ್ಯಾಯ. ವಿದ್ಯೆಯನ್ನು ಹಣದಿಂದ ಅಳೆಯಲಾಗದೆಂಬ ಮಾತು ನಮ್ಮಂತಹ ಅಧ್ಯಾಪಕರ ಬಾಯಲ್ಲಿ ಬಹು ಸುಲಭವಾಗಿ ಬರುತ್ತದೆ. ಆದರೆ ಸಾಲಮಾಡಿ ಪದವಿ ಮುಗಿಸಿದ ಅಮೆರಿಕದ ವಿದ್ಯಾರ್ಥಿಯ ತಲೆಯ ಮೇಲೆ ಸರಾಸರಿಯಲ್ಲಿ 30,000 ಡಾಲರಿನ ಆಸುಪಾಸಿನ ಹೊರೆಯಿರುತ್ತದೆ. ಕೇಂದ್ರ ಸರ್ಕಾರಕ್ಕೆ ಸಲ್ಲಬೇಕಾದ ವಿದ್ಯಾರ್ಥಿಸಾಲದ ಒಟ್ಟು ಮೊತ್ತವು 1.6 ಲಕ್ಷ ಕೋಟಿ ಡಾಲರಿಗೆ ಮುಟ್ಟಿದೆ. ಸಾಲಗಾರರ ಸಂಖ್ಯೆ ನಾಲ್ಕು ಕೋಟಿಗೂ ಹೆಚ್ಚು. ಹೀಗಿರುವಲ್ಲಿ, ‘ಈ ಓದಿನಿಂದ ನನ್ನ ಕಂತು ತೀರುವುದೇ?’ ಎಂದು ಬಡವರ ಮನೆಯ ಹುಡುಗಿಯೊಬ್ಬಳು ಕೇಳಿದರೆ ಅದನ್ನು ಅಲ್ಪ ಪ್ರಶ್ನೆಯೆಂದು ತಳ್ಳಿಹಾಕುವ ಅಧಿಕಾರ ಯಾವ ಅಧ್ಯಾಪಕನಿಗೂ ಇಲ್ಲ. ಅಂಕಿಗಳನ್ನು ಮುಚ್ಚಿಡುವುದಕ್ಕಿಂತ ಪ್ರಕಟಿಸುವುದು ಮೇಲು. ನಮ್ಮ ಆಕ್ಷೇಪವಿರುವುದು ಅವುಗಳನ್ನು ಓದುವ ರೀತಿಯ ಬಗೆಗೆ.

ಇನ್ನು, ಪಟ್ಟಿಯಲ್ಲಿ ಯಾರಿದ್ದಾರೆ? ಸರ್ಕಾರದ ಸಾಲವನ್ನಾಗಲಿ ಸಹಾಯಧನವನ್ನಾಗಲಿ ಪಡೆದವರು ಮಾತ್ರ ಇದ್ದಾರೆ. ತಂದೆಯ ಹಣದಿಂದಲೇ ಓದಿದವರು ಇದರಲ್ಲಿಲ್ಲ. ಆದಾಯದ ಲೆಕ್ಕದಲ್ಲಿ ಉದ್ಯೋಗದಲ್ಲಿರುವವರು ಮಾತ್ರ ಸೇರುತ್ತಾರೆ; ಮತ್ತೆ ಓದಿಗೆ ಸೇರಿದವರು ಸೇರುವುದಿಲ್ಲ. ಅನ್ಯ ವಿಷಯಗಳಲ್ಲಿ ಇದರಿಂದ ಅಷ್ಟೇನೂ ಬಾಧಕವಿರಲಾರದು. ರಾಜ್ಯಶಾಸ್ತ್ರದಲ್ಲಾದರೋ ಪದವೀಧರರ ಪೈಕಿ ಸುಮಾರು ಅರ್ಧದಷ್ಟು ಮಂದಿ ಮುಂದೆ ಉನ್ನತ ಪದವಿಗೆ, ವಿಶೇಷವಾಗಿ ಕಾನೂನಿಗೆ, ಹೋಗುವರು. ನ್ಯೂಯಾರ್ಕಿನ ಫೆಡರಲ್ ರಿಸರ್ವ್ ಬ್ಯಾಂಕು ಪ್ರಕಟಿಸುವ ವಿಷಯವಾರು ವೇತನಗಳ ಪಟ್ಟಿಯೂ ಕೇವಲ ಮೊದಲ ಪದವಿಯಷ್ಟನ್ನೇ ಪಡೆದವರ ವೇತನವನ್ನು ತೆಗೆದುಕೊಳ್ಳುತ್ತದೆ. ಹೀಗಾಗಿ ಗಳಿಕೆಯಲ್ಲಿ ಮುಂದೆ ಹೋಗುವ ಸಂಭವವುಳ್ಳ ಅರ್ಧಭಾಗವನ್ನು ಬಿಟ್ಟು ಉಳಿದ ಅರ್ಧದಿಂದ ಇಡೀ ವಿಷಯದ ಬೆಲೆಯನ್ನು ಕಟ್ಟಿದಂತಾಗುತ್ತದೆ.

ಇದಕ್ಕೆ ವಿರುದ್ಧವಾದ ತಪ್ಪೂ ಒಂದುಂಟು. ಕಾಲೇಜುಗಳ ಪ್ರಚಾರ ಪತ್ರಿಕೆಗಳು ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆಯ ಒಂದು ಅಂಕಿಯನ್ನು ಎತ್ತಿ ತೋರಿಸುವುದುಂಟು. ಅದರ ಪ್ರಕಾರ 2023ರಲ್ಲಿ ‘ರಾಜ್ಯಶಾಸ್ತ್ರಜ್ಞ’ರ ವಾರ್ಷಿಕ ವೇತನದ ಮಧ್ಯಾಂಕವು 1,30,000 ಡಾಲರಿಗೂ ಮೇಲಾಗಿತ್ತು. ಆದರೆ ರಾಜ್ಯಶಾಸ್ತ್ರಜ್ಞನೆಂಬುದು ಕೆಲವೇ ಸಾವಿರ ಜನರಿರುವ, ಸಾಮಾನ್ಯವಾಗಿ ಸ್ನಾತಕೋತ್ತರ ಪದವಿಯನ್ನು ಬೇಡುವ ಒಂದು ಉದ್ಯೋಗ. ಅದನ್ನು ಬಿ.ಎ. ಮುಗಿಸಿದ ಸಾಮಾನ್ಯ ಪದವೀಧರನ ಭವಿಷ್ಯವೆಂದು ತೋರಿಸುವುದು ಅಪ್ರಾಮಾಣಿಕತೆ. ಹಾಗೆಯೇ ಕಾನೂನು ಓದಲು ಹೋದವನ ಸಾಲವೂ ರಾಜ್ಯಶಾಸ್ತ್ರದ ಸಾಲಿನಲ್ಲಿ ಕಾಣದೆ ಕಾನೂನಿನ ಸಾಲಿನಲ್ಲಿ ಬರೆಯಲ್ಪಡುತ್ತದೆ. ಸಾಲಮಾಡಿ ಕಾನೂನು ಓದಿದವರ ಸರಾಸರಿ ಋಣವು ಒಂದು ಲಕ್ಷ ಡಾಲರನ್ನು ಮೀರುತ್ತದೆ. ‘ರಾಜ್ಯಶಾಸ್ತ್ರ ಓದಿ ವಕೀಲರಾಗಿರಿ’ ಎಂದು ಉಪದೇಶಿಸುವ ಅಧ್ಯಾಪಕನು ಈ ಎರಡನೆಯ ಋಣದ ಮಾತನ್ನೂ ಜೊತೆಯಲ್ಲಿಯೇ ಹೇಳತಕ್ಕದ್ದು.

ಮೂರನೆಯದು ಕಾಲದ ಪ್ರಶ್ನೆ. ಪದವಿಯಾದ ಒಂದು ವರ್ಷಕ್ಕೋ ನಾಲ್ಕು ವರ್ಷಕ್ಕೋ ಆದಾಯವನ್ನು ಅಳೆಯುವುದು ಈ ಪಟ್ಟಿಯ ಪದ್ಧತಿ. ವುಡ್ರೋ ವಿಲ್ಸನ್ ಪದವೀಧರನಾದುದು 1879ರಲ್ಲಿ. ನಾಲ್ಕು ವರ್ಷಗಳ ನಂತರ, 1883ರಲ್ಲಿ, ಅಟ್ಲಾಂಟಾ ನಗರದಲ್ಲಿ ಕಕ್ಷಿಗಾರರೇ ದೊರೆಯದ ವಕೀಲಿಯನ್ನು ಕೈಬಿಟ್ಟು ಆತನು ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾನಿಲಯದಲ್ಲಿ ಇತಿಹಾಸವನ್ನೂ ರಾಜ್ಯಶಾಸ್ತ್ರವನ್ನೂ ಓದಲು ಹೋದನು. 1886ರಲ್ಲಿ ಡಾಕ್ಟರೇಟ್ ಪಡೆದನು, 1913ರಲ್ಲಿ ರಾಷ್ಟ್ರಾಧ್ಯಕ್ಷನಾದನು. ಒಬ್ಬ ಮಹಾಪುರುಷನ ಉದಾಹರಣೆಯಿಂದ ಮಧ್ಯಾಂಕವನ್ನು ಖಂಡಿಸಲಾಗದೆಂಬುದು ನಿಜ. ಇಲ್ಲಿ ಗಮನಿಸಬೇಕಾದುದು ಆತನ ಪ್ರತಿಭೆಯನ್ನಲ್ಲ, ಆತನ ಬೆನ್ನಿಗೆ ತಂದೆಯ ನೆರವಿದ್ದುದನ್ನು. ಕಾಯುವ ಶಕ್ತಿಯಿದ್ದವನಿಗೆ ನಾಲ್ಕನೆಯ ವರ್ಷದ ಸೋಲು ಸೋಲಾಗಲಿಲ್ಲ. ತಿಂಗಳು ತಿಂಗಳೂ ಕಂತು ಕಟ್ಟಬೇಕಾದವನಿಗೆ ಅಂತಹ ಕಾಯುವಿಕೆ ಸಾಧ್ಯವೇ?

ಇಲ್ಲಿಗೆ ನಾವು ವಿಷಯದ ಮರ್ಮಕ್ಕೆ ಬಂದೆವು. ಆದಾಯವು ವಿಷಯದಿಂದ ವಿಷಯಕ್ಕೆ ವ್ಯತ್ಯಾಸವಾಗುತ್ತದೆ. ಆದರೆ ಋಣವು ವಿಷಯದಿಂದ ಹುಟ್ಟಿದುದಲ್ಲ. ಒಂದು ಕಾಲೇಜಿನಲ್ಲಿ ರಾಜ್ಯಶಾಸ್ತ್ರಕ್ಕೂ ರಸಾಯನಶಾಸ್ತ್ರಕ್ಕೂ ಶುಲ್ಕವು ಬಹುಮಟ್ಟಿಗೆ ಒಂದೇ. ಮೊದಲ ಪದವಿಯ ಸಾಲಕ್ಕೆ ಕೇಂದ್ರದ ಕಾನೂನು ಹಾಕಿರುವ ಮಿತಿಯೂ ಒಂದೇ. ತಂದೆತಾಯಿಗಳ ಆಶ್ರಯದಲ್ಲಿರುವ ವಿದ್ಯಾರ್ಥಿಗೆ ಒಟ್ಟು 31,000 ಡಾಲರು. ಋಣಕ್ಕೆ ಒಂದು ಇತಿಹಾಸವಿದೆ. ಸೋವಿಯೆಟ್ ರಷ್ಯವು 1957ರಲ್ಲಿ ಸ್ಪುಟ್ನಿಕ್ ಹಾರಿಸಿದ ಮರುವರ್ಷ ರಾಷ್ಟ್ರೀಯ ರಕ್ಷಣಾ ಶಿಕ್ಷಣ ಕಾಯಿದೆಯು ಕೇಂದ್ರದ ವಿದ್ಯಾರ್ಥಿಸಾಲಕ್ಕೆ ಅಡಿಪಾಯ ಹಾಕಿತು. 1965ರ ಉನ್ನತ ಶಿಕ್ಷಣ ಕಾಯಿದೆಯು ಅದನ್ನು ವಿಸ್ತರಿಸಿತು. ಅಧ್ಯಕ್ಷ ಲಿಂಡನ್ ಜಾನ್ಸನ್ ಅದಕ್ಕೆ ರುಜು ಹಾಕಿದುದು ಟೆಕ್ಸಾಸಿನಲ್ಲಿ ತಾನೇ ಓದಿದ ಕಾಲೇಜಿನಲ್ಲಿ. 1976ರಿಂದ ಮೊದಲ್ಗೊಂಡು ದಿವಾಳಿ ಕಾನೂನಿನ ರಕ್ಷಣೆಯನ್ನು ಈ ಸಾಲಗಾರರಿಂದ ಹಿಂತೆಗೆದುಕೊಳ್ಳಲಾಯಿತು. 1998ರಲ್ಲಿ ಆ ಬಾಗಿಲು ಇನ್ನೂ ಬಿಗಿಯಾಗಿ ಮುಚ್ಚಿತು. 2008ರ ಆರ್ಥಿಕ ಮುಗ್ಗಟ್ಟಿನ ತರುವಾಯ ಅನೇಕ ಸಂಸ್ಥಾನಗಳು ತಮ್ಮ ವಿಶ್ವವಿದ್ಯಾನಿಲಯಗಳ ಅನುದಾನವನ್ನು ಇಳಿಸಿದವು, ಶುಲ್ಕವು ಏರಿತು. ಇವೆಲ್ಲ ಶಾಸನಸಭೆಗಳ ನಿರ್ಣಯಗಳು. ಇವುಗಳ ಫಲವನ್ನು ರಾಜ್ಯಶಾಸ್ತ್ರವೆಂಬ ವಿಷಯದ ಹೆಸರಿನ ಮುಂದೆ ಬರೆದರೆ, ರಾಜಕೀಯ ನಿರ್ಧಾರವೊಂದು ವಿದ್ಯೆಯ ದೋಷವಾಗಿ ಕಾಣಿಸಿಕೊಳ್ಳುತ್ತದೆ.

ಇದರ ಪರಿಣಾಮವು ಸಣ್ಣದಲ್ಲ. ರಾಜ್ಯಶಾಸ್ತ್ರವನ್ನು ಓದಿದವರು ಹೋಗಬೇಕಾದ ಸ್ಥಾನಗಳಾದ ನಗರಸಭೆ, ಸರ್ಕಾರಿ ಕಛೇರಿ, ಶಾಲೆ, ಬಡವರ ಪರವಾದ ವಕೀಲಿ, ಇವೆಲ್ಲ ಆರಂಭದಲ್ಲಿ ಸ್ವಲ್ಪವೇ ಕೊಡುವಂತಹವು. ಈ ತೊಡಕನ್ನು ಅಮೆರಿಕದ ಸರ್ಕಾರವೂ ಅರಿಯದೆ ಇರಲಿಲ್ಲ. ಸಾರ್ವಜನಿಕ ಸೇವೆಯಲ್ಲಿದ್ದು 120 ಕಂತುಗಳನ್ನು ಕಟ್ಟಿದವರ ಉಳಿದ ಸಾಲವನ್ನು ಮನ್ನಾ ಮಾಡುವ ಯೋಜನೆಯನ್ನು 2007ರಲ್ಲಿ ಮಾಡಿತು. ಹತ್ತು ವರ್ಷಗಳ ನಂತರ ಅರ್ಜಿಗಳು ಬರತೊಡಗಿದಾಗ ಆರಂಭದಲ್ಲಿ ನೂರಕ್ಕೆ 99ರಷ್ಟು ತಿರಸ್ಕೃತವಾದವು. 2021ರ ಸುಧಾರಣೆಗಳ ಬಳಿಕ ಸ್ಥಿತಿ ಬದಲಾಗಿ, 2024ರ ಅಕ್ಟೋಬರಿನ ಹೊತ್ತಿಗೆ ಹತ್ತು ಲಕ್ಷಕ್ಕೂ ಹೆಚ್ಚು ಜನ ಋಣಮುಕ್ತರಾದರು. ಕಾನೂನು ಹಾಕಿದ ಗಂಟನ್ನು ಕಾನೂನೇ ಬಿಚ್ಚಬಲ್ಲದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

2025ರ ಜುಲೈ 4ರಂದು ರುಜುವಾದ ಕಾಯಿದೆಯು ಈ ಅಳತೆಯನ್ನು ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಒಯ್ದಿದೆ. ಪದವಿಯಾದ ನಾಲ್ಕನೆಯ ವರ್ಷದ ಆದಾಯವು ಕೇವಲ ಪ್ರೌಢಶಿಕ್ಷಣವನ್ನು ಮುಗಿಸಿ ದುಡಿಯುವ ತರುಣರ ಆದಾಯಕ್ಕಿಂತ ಕಡಮೆಯಾದರೆ, ಮತ್ತು ಮೂರು ವರ್ಷಗಳಲ್ಲಿ ಎರಡು ಬಾರಿ ಹಾಗಾದರೆ, ಆ ಅಧ್ಯಯನಕ್ರಮದ ವಿದ್ಯಾರ್ಥಿಗಳಿಗೆ ಕೇಂದ್ರದ ಸಾಲವು ನಿಂತುಹೋಗುತ್ತದೆ. ಮಿತಿಯೇನೋ ಕೆಳಮಟ್ಟದ್ದೇ, ವಿದ್ಯಾರ್ಥಿಗಳನ್ನು ಸುಲಿಯುವ ಸಂಸ್ಥೆಗಳಿಗೆ ಇದರಿಂದ ತಡೆಯಾದರೆ ಒಳ್ಳೆಯದೇ. ಆದರೆ ತಿಳಿವಳಿಕೆಗಾಗಿ ಹುಟ್ಟಿದ ಅಳತೆಯು ಶಿಕ್ಷೆಯ ಕೋಲಾದುದನ್ನು ಗಮನಿಸಬೇಕು. ಸಾಲ ನಿಂತಾಗ ವಿಷಯವು ಸಾಯುವುದಿಲ್ಲ. ಅದು ಕೈಯಿಂದ ಹಣ ಕೊಡಬಲ್ಲವರ ಸೊತ್ತಾಗುತ್ತದೆ. ರಾಜ್ಯವನ್ನು ಆಳುವ ವಿದ್ಯೆಯು ಉಳ್ಳವರ ಮನೆಗಳಲ್ಲಿ ಮಾತ್ರ ಉಳಿದರೆ ಪ್ರಜಾಪ್ರಭುತ್ವಕ್ಕೆ ಬರುವ ನಷ್ಟವನ್ನು ಯಾವ ಪಟ್ಟಿಯ ಯಾವ ಅಂಕಣದಲ್ಲಿ ಬರೆಯುವುದು?

ಇದು ದೂರದ ದೇಶದ ಮಾತೆಂದು ನಾವು ಸುಮ್ಮನಿರುವಂತಿಲ್ಲ. 2016ರಲ್ಲಿ ಮೊದಲ ಪಟ್ಟಿಯನ್ನು ಹೊರತಂದ ನಮ್ಮ ರಾಷ್ಟ್ರೀಯ ಸಂಸ್ಥಾ ಶ್ರೇಯಾಂಕ ವ್ಯವಸ್ಥೆಯೂ ಪದವೀಧರರ ವೇತನದ ಮಧ್ಯಾಂಕವನ್ನು ಗಣನೆಗೆ ತೆಗೆದುಕೊಳ್ಳುತ್ತದೆ. ಪ್ರವೇಶದ ದಿನಗಳಲ್ಲಿ ನಮ್ಮ ವಿಭಾಗದ ಮೇಜಿನ ಮುಂದೆ ನಿಂತು, ‘ಇದನ್ನು ಓದಿದರೆ ಹುಡುಗನಿಗೆ ಏನು ಸಿಕ್ಕೀತು ಸಾರ್?’ ಎಂದು ಕೇಳುವ ತಂದೆಯ ಪ್ರಶ್ನೆಯೂ ಅದೇ. ಅವರಿಗೆ ನಾವು ಅಂಕಿಗಳನ್ನು ಮರೆಮಾಚದೆ ಹೇಳಬೇಕು. ಅಂಕಿಗಳಲ್ಲಿ ಯಾರು ಸೇರಿಲ್ಲವೆಂಬುದನ್ನೂ ಹೇಳಬೇಕು. ಆದಾಯವನ್ನು ಕುರಿತ ಪ್ರಶ್ನೆಗೆ ಅಧ್ಯಾಪಕನು ಉತ್ತರಿಸಲು ಯತ್ನಿಸಬಹುದು. ಶುಲ್ಕವೆಷ್ಟು, ಸಾಲವೆಷ್ಟು, ಅದನ್ನು ತೀರಿಸುವ ಅವಧಿಯೆಷ್ಟು ಎಂಬ ಪ್ರಶ್ನೆಗಳಿಗೆ ಉತ್ತರ ಕೊಡಬೇಕಾದವರು ಶಾಸನ ಮಾಡುವವರು. ಆ ಉತ್ತರವನ್ನು ಅವರಿಂದ ಕೇಳಿ ಪಡೆಯಲು ಕಲಿಸುವ ಶಾಸ್ತ್ರವೇ ರಾಜ್ಯಶಾಸ್ತ್ರ.